ವಿಜ್ಞಾನಿಯ ಓದು ಮತ್ತು ವಿಮರ್ಶಕನ ಋಣ

ವಿದ್ವಾಂಸನೆಂದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಮೂಡುತ್ತದೆ. ಊರೆಲ್ಲ ಮಲಗಿರುವ ಹೊತ್ತು. ಒಂದು ಕೋಣೆ, ಒಂದು ದೀಪ, ಮೇಜಿನ ತುಂಬ ಗ್ರಂಥಗಳು. ಅವುಗಳ ನಡುವೆ ತಲೆಬಾಗಿಸಿ ಕುಳಿತ ಒಬ್ಬನೇ ಮನುಷ್ಯ. ಈ ಚಿತ್ರ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಆ ಕೋಣೆಗೆ ಒಂದು ಬಾಗಿಲಿದೆ. ಅದನ್ನು ತಟ್ಟಿ ಒಳಗೆ ಬಂದು, "ಸ್ವಾಮಿ, ನೀವು ಬರೆದುದರಲ್ಲಿ ಇಂಥ ಕಡೆ ತಪ್ಪಿದೆ" ಎಂದು ಹೇಳುವವನೊಬ್ಬನಿದ್ದಾನೆ. ಚಿತ್ರಕಾರನು ಅವನನ್ನು ಬರೆಯದೆ ಬಿಟ್ಟಿದ್ದಾನೆ. ವಿಜ್ಞಾನದ ಚರಿತ್ರೆಯನ್ನು ಓದುತ್ತ ಹೋದಂತೆ, ಹೀಗೆ ಬಾಗಿಲು ತಟ್ಟಿದವನ ಋಣ ಎಷ್ಟು ದೊಡ್ಡದೆಂಬುದು ನಮಗೆ ಮನವರಿಕೆಯಾಗುತ್ತದೆ.

ನಮ್ಮ ಶಾಲಾಕಾಲೇಜುಗಳಲ್ಲಿ ಓದಿಗೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಬಹುಮಟ್ಟಿಗೆ ಪರೀಕ್ಷೆಯ ಓದು. ಓದಿದುದನ್ನು ಹಾಗೆಯೇ ಒಪ್ಪಿಸಿದವನು ಜಾಣ. ಎದ್ದುನಿಂತು ಪ್ರಶ್ನೆ ಕೇಳಿದವನು ಉದ್ಧಟ. ಉಪಾಧ್ಯಾಯರು ತಿದ್ದಿದರೆ ಅಂಕ ಹೋಯಿತೆಂಬ ಸಂಕಟ; ಸಹಪಾಠಿ ತಿದ್ದಿದರೆ ಮಾನ ಹೋಯಿತೆಂಬ ಸಿಟ್ಟು. ಈ ಮನೋಭಾವ ಅಳಿಯುವ ತನಕ ನಮ್ಮಲ್ಲಿ ವಿಜ್ಞಾನದ ಪದವೀಧರರು ಹೆಚ್ಚಬಹುದೇ ಹೊರತು ವಿಜ್ಞಾನವು ಹೆಚ್ಚಲಾರದು ಎಂಬುದು ನನ್ನ ಅಭಿಪ್ರಾಯ. ಓದು, ವಿಮರ್ಶೆ, ವಿದ್ವಾಂಸರ ಬಳಗ ಇವು ಮೂರೂ ಸೇರಿದಾಗಲೇ ವಿದ್ಯೆ ಪೂರ್ಣವಾಗುವುದೆಂಬುದನ್ನು ಕೆಲವು ನಿದರ್ಶನಗಳಿಂದ ತೋರಿಸಲು ಯತ್ನಿಸುತ್ತೇನೆ.

ಮೊದಲು ಓದಿನ ವಿಚಾರ. ಜೀವವಿಕಾಸವಾದವನ್ನು ಪ್ರತಿಪಾದಿಸಿದ ಚಾರ್ಲ್ಸ್ ಡಾರ್ವಿನ್ನರು 1842ರಿಂದ ತಮ್ಮ ಜೀವಮಾನದ ಕೊನೆಯವರೆಗೆ, ಎಂದರೆ 1882ರ ತನಕ, ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ ವಾಸವಾಗಿದ್ದರು. ಅವರ ದೇಹಸ್ಥಿತಿ ಸರಿಯಿರಲಿಲ್ಲ. ದಿನಕ್ಕೆ ಕೆಲವು ಗಂಟೆಗಳಿಗಿಂತ ಹೆಚ್ಚು ಕೆಲಸ ಮಾಡುವ ಶಕ್ತಿ ಇರಲಿಲ್ಲ. ಆದರೂ ಅವರು ಓದಿದ ಗ್ರಂಥಗಳಿಗೆ ಲೆಕ್ಕವಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅವರೇ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಸ್ವಂತ ಪುಸ್ತಕವಾದರೆ, ಓದಿ ಮುಗಿಸಿದ ಮೇಲೆ ತಮ್ಮ ಕೆಲಸಕ್ಕೆ ಬೇಕಾದ ಸಂಗತಿಗಳ ಒಂದು ಚಿಕ್ಕ ಸೂಚಿಯನ್ನು ಅದರ ಕೊನೆಯಲ್ಲಿ ಬರೆದಿಡುತ್ತಿದ್ದರು. ಎರವಲು ತಂದ ಪುಸ್ತಕವಾದರೆ ಸಾರಾಂಶವನ್ನು ಬೇರೆಯಾಗಿ ಬರೆದುಕೊಳ್ಳುತ್ತಿದ್ದರು. ಮೂವತ್ತು ನಲವತ್ತು ದೊಡ್ಡ ಕಡತಗಳನ್ನು ಮಾಡಿಕೊಂಡು, ಬಿಡಿಯಾಗಿ ದೊರೆತ ಟಿಪ್ಪಣಿಯನ್ನು ಆಯಾ ವಿಷಯದ ಕಡತಕ್ಕೆ ಒಡನೆಯೇ ಸೇರಿಸುತ್ತಿದ್ದರು. ಹೊಸದೊಂದು ವಿಷಯಕ್ಕೆ ಕೈಹಾಕಿದಾಗ ಈ ಕಡತಗಳನ್ನು ತೆಗೆದರೆ ಸಾಕು, ಜೀವಮಾನದ ಓದೆಲ್ಲ ಎದುರಿಗೆ ಬಂದು ನಿಲ್ಲುತ್ತಿತ್ತು. ಭಾರವಾದ ಪುಸ್ತಕವನ್ನು ಹಿಡಿಯಲು ಅನುಕೂಲವಾಗಲೆಂದು ಅವರು ಎರಡಾಗಿ ಸೀಳಿಬಿಡುತ್ತಿದ್ದರೆಂದು ಅವರ ಮಗ ಫ್ರಾನ್ಸಿಸ್ ಬರೆದಿದ್ದಾರೆ. ಪುಸ್ತಕವು ಪೂಜೆಗಲ್ಲ, ಬಳಕೆಗೆ ಎಂಬುದು ಇದರ ತಾತ್ಪರ್ಯ. ಕಾಲೇಜಿನ ಪುಸ್ತಕಭಂಡಾರದ ಪ್ರತಿಗಳ ಮೇಲೆ ಮಾತ್ರ ನಮ್ಮ ವಿದ್ಯಾರ್ಥಿಗಳು ಈ ಪ್ರಯೋಗವನ್ನು ನಡೆಸದಿರಲಿ!

ಈ ಕ್ರಮಗಳಿಗಿಂತ ಮುಖ್ಯವಾದುದು ಅವರು ಅನುಸರಿಸುತ್ತಿದ್ದ ಮತ್ತೊಂದು ನಿಯಮ. ತಮ್ಮ ಸಿದ್ಧಾಂತಕ್ಕೆ ವಿರುದ್ಧವಾದ ಒಂದು ಸಂಗತಿಯೋ, ವೀಕ್ಷಣೆಯೋ, ವಿಚಾರವೋ ಕಣ್ಣಿಗೆ ಬಿದ್ದರೆ, ಅದನ್ನು ಆ ಕ್ಷಣವೇ ತಪ್ಪದೆ ಬರೆದಿಡಬೇಕೆಂದು ಅವರು ಗೊತ್ತುಮಾಡಿಕೊಂಡಿದ್ದರು. ಏಕೆಂದರೆ ಅನುಕೂಲವಾದ ಸಂಗತಿಗಳು ನೆನಪಿನಲ್ಲಿ ಉಳಿಯುತ್ತವೆ, ಪ್ರತಿಕೂಲವಾದುವು ಬೇಗನೆ ಜಾರಿಹೋಗುತ್ತವೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಮನುಷ್ಯನ ನೆನಪು ಎಷ್ಟು ಪಕ್ಷಪಾತಿಯೆಂಬುದನ್ನು ನಾವು ಯಾರೂ ಬೇರೆ ಹೇಳಿಸಿಕೊಳ್ಳಬೇಕಾಗಿಲ್ಲ. ಹೀಗೆ ಡಾರ್ವಿನ್ನರು ತಮಗೆ ತಾವೇ ವಿಮರ್ಶಕರಾದರು. 1859ರಲ್ಲಿ ಅವರ ಮಹಾಗ್ರಂಥ ಪ್ರಕಟವಾದಾಗ ಬಂದ ಆಕ್ಷೇಪಣೆಗಳಲ್ಲಿ ಹಲವಕ್ಕೆ ಅವರು ಮೊದಲೇ ಸಮಾಧಾನ ಯೋಚಿಸಿದ್ದುದು ಈ ಅಭ್ಯಾಸದ ಫಲ.

ಆದರೆ ತನ್ನ ಬೆನ್ನು ತನಗೆ ಕಾಣದೆಂಬುದು ಗಾದೆ. ಎಷ್ಟೇ ಎಚ್ಚರದ ಓದುಗನಿಗೂ ತನ್ನ ತಪ್ಪು ಒಂದು ಮಿತಿಯಾಚೆಗೆ ಕಾಣುವುದಿಲ್ಲ. ಇದನ್ನು ಬಲ್ಲ ಡಾರ್ವಿನ್ನರು ಹಳ್ಳಿಯಲ್ಲಿದ್ದುಕೊಂಡೇ ಅಂಚೆಯ ಮೂಲಕ ಒಂದು ದೊಡ್ಡ ಬಳಗವನ್ನು ಕಟ್ಟಿಕೊಂಡರು. ಅವರು ಬರೆದ ಮತ್ತು ಅವರಿಗೆ ಬಂದ ಪತ್ರಗಳಲ್ಲಿ ಇಂದು ತಿಳಿದುಬಂದಿರುವುವೇ ಸುಮಾರು 15,000. ಪಾರಿವಾಳ ಸಾಕುವವರು, ತೋಟಗಾರರು, ದೂರದೇಶದ ಸರಕಾರಿ ನೌಕರರು, ಪಾದ್ರಿಗಳು, ಪ್ರೊಫೆಸರರು ಎಲ್ಲರೂ ಆ ಬಳಗದಲ್ಲಿದ್ದರು. ಸಸ್ಯವಿಜ್ಞಾನಿ ಜೋಸೆಫ್ ಹೂಕರ್‌ರಂತೂ ಪುಸ್ತಕ ಹೊರಬರುವುದಕ್ಕೆ ವರ್ಷಗಟ್ಟಲೆ ಮೊದಲೇ ಆ ಸಿದ್ಧಾಂತವನ್ನು ಕೇಳಿ, ಸಂದೇಹಗಳನ್ನೊಡ್ಡಿ, ಗೆಳೆತನಕ್ಕೆ ಕುಂದು ಬಾರದಂತೆ ವಾದಿಸುತ್ತಿದ್ದರು. ಅಂಥ ಒಬ್ಬ ಗೆಳೆಯನು ನೂರು ಗ್ರಂಥಗಳಿಗೆ ಸಮನೆಂದರೆ ಅತಿಶಯೋಕ್ತಿಯಲ್ಲ.

ಇದು ಗೆಳೆಯನ ವಿಮರ್ಶೆಯಾಯಿತು. ಪ್ರತಿಸ್ಪರ್ಧಿಯು ಬಹಿರಂಗವಾಗಿ ತಪ್ಪು ಎತ್ತಿ ತೋರಿಸಿದಾಗ ಏನು ಮಾಡಬೇಕು? ಇದಕ್ಕೆ ನಮ್ಮ ದೇಶದ ಒಂದು ಶ್ರೇಷ್ಠ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್‌ರವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್‌ರವರು 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರೊಫೆಸರರಾದರು. ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್‌ರು, ಕಾಲಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ತಿಳಿಸಿದರು. ನಮ್ಮ ಚರ್ಮ, ಎಲುಬು, ಸ್ನಾಯುಬಂಧಗಳಿಗೆ ಗಟ್ಟಿತನ ಕೊಡುವ ದ್ರವ್ಯ ಇದು. ರಾಮಚಂದ್ರನ್‌ರವರು ತಮ್ಮ ಸಹೋದ್ಯೋಗಿ ಗೋಪಿನಾಥ ಕರ್ತರೊಡನೆ ಈ ಸಮಸ್ಯೆಯನ್ನು ಹಿಡಿದು, ಕ್ಷ-ಕಿರಣ ಚಿತ್ರಗಳ ಆಧಾರದಿಂದ, ಕಾಲಜನ್ನಿನಲ್ಲಿ ಮೂರು ಎಳೆಗಳು ಜೊತೆಗೂಡಿರುವುವೆಂದು 1954ರಲ್ಲಿ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅದನ್ನು ಪರಿಷ್ಕರಿಸಿ, ಆ ಮೂರು ಎಳೆಗಳೂ ಹಗ್ಗದ ಹುರಿಗಳಂತೆ ಒಂದನ್ನೊಂದು ಸುತ್ತಿಕೊಂಡಿರುವುವೆಂದು ತೋರಿಸಿದರು.

ಅದೇ 1955ರಲ್ಲಿ ಅಲೆಗ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಎಂಬ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ಆಕ್ಷೇಪಣೆಯೆತ್ತಿದರು. ಈ ಕ್ರಿಕ್‌ರೇ 1953ರಲ್ಲಿ ಡಿ.ಎನ್.ಎ. ರಚನೆಯನ್ನು ವಾಟ್ಸನ್‌ರೊಡನೆ ಬಿಡಿಸಿದವರು. ಮೂರೆಳೆಯ ಹುರಿಯೆಂಬುದು ಅವರಿಗೂ ಒಪ್ಪಿಗೆಯೇ. ಆದರೆ ಮದರಾಸಿನವರ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಸಲ್ಲದಷ್ಟು ಹತ್ತಿರ ಬಂದಿವೆ; ಪ್ರತಿ ಮೂರು ಅಮೈನೊ ಆಮ್ಲಗಳಿಗೆ ಎರಡು ಜಲಜನಕ ಬಂಧಗಳಿರುವುವೆಂದು ಅಲ್ಲಿ ಹೇಳಿದೆ, ಇರಲು ಸಾಧ್ಯವಾದುದು ಒಂದೇ; ಎಂದು ಅವರು ವಾದಿಸಿದರು. ಜಗತ್ಪ್ರಸಿದ್ಧರಾದವರು ಎಲ್ಲರೆದುರಿಗೆ ಹೀಗೆ ಹೇಳಿದರೆ ಮೂವತ್ತು ದಾಟಿದ್ದ ಆ ಪ್ರೊಫೆಸರರಿಗೆ ಎಷ್ಟು ನೋವಾಗಿರಬೇಕು! ಅಂಥ ಸಂದರ್ಭದಲ್ಲಿ ಎರಡು ಸುಲಭ ಮಾರ್ಗಗಳುಂಟು. ಒಂದು, ಕೋಪದಿಂದ ತಮ್ಮ ಮಾತನ್ನೇ ಸಾಧಿಸುತ್ತ ಹೋಗುವುದು. ಇನ್ನೊಂದು, ಸೋತೆನೆಂದು ಕೈಚೆಲ್ಲುವುದು. ರಾಮಚಂದ್ರನ್‌ರವರು ಈ ಎರಡನ್ನೂ ಬಿಟ್ಟು ಮೂರನೆಯ ಮಾರ್ಗವನ್ನು ಹಿಡಿದರು. ಆಕ್ಷೇಪಣೆಯನ್ನೇ ಪ್ರಶ್ನೆಯನ್ನಾಗಿ ಮಾಡಿಕೊಂಡರು. "ಪರಮಾಣುಗಳು ತೀರ ಹತ್ತಿರ ಬಂದಿವೆ ಎನ್ನುತ್ತೀರಿ, ಸರಿ, ಬಂಧವಿಲ್ಲದ ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಹುದು?" ಎಂಬುದೇ ಆ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಅವರು ಮತ್ತೆ ಓದಿಗೆ ಹಿಂತಿರುಗಿದರು ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅದುವರೆಗೆ ಪ್ರಕಟವಾಗಿದ್ದ ಚಿಕ್ಕ ಅಣುಗಳ ಸ್ಫಟಿಕರಚನೆಗಳನ್ನೆಲ್ಲ ಪರಿಶೀಲಿಸಿ, ಇಂಗಾಲ, ಸಾರಜನಕ, ಆಮ್ಲಜನಕ, ಜಲಜನಕಗಳ ಪರಮಾಣುಗಳು ಜೋಡಿಜೋಡಿಯಾಗಿ ಎಷ್ಟು ಸಮೀಪಿಸಿರುವುವೆಂಬ ಅಂತರಗಳನ್ನು ಆರಿಸಿ ಪಟ್ಟಿ ಮಾಡಲಾಯಿತು. ಸಾಮಾನ್ಯವಾಗಿ ಸಲ್ಲುವ ಅಂತರ ಇಷ್ಟು, ಅಪರೂಪಕ್ಕೆ ಸಲ್ಲುವ ಕನಿಷ್ಠ ಅಂತರ ಇಷ್ಟು ಎಂದು ಎರಡು ಮಿತಿಗಳು ಗೊತ್ತಾದುವು. ಅನಂತರ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್‌ರವರೊಡನೆ ಅವರು ಕೇವಲ ಕಾಲಜನ್ನಿಗಲ್ಲ, ಪ್ರೋಟೀನು ಸರಪಣಿ ಯಾವುದೇ ಇರಲಿ ಅದಕ್ಕೆ ಅನ್ವಯಿಸುವ ಲೆಕ್ಕವನ್ನು ಕೈಗೊಂಡರು. ಆ ಸರಪಣಿಯ ಪ್ರತಿಯೊಂದು ಕೊಂಡಿಯೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಒಂದು ಕೋನವನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿ ನಕ್ಷೆ ಬರೆದರೆ, ಪರಮಾಣುಗಳು ಪರಸ್ಪರ ಡಿಕ್ಕಿಹೊಡೆಯದೆ ಇರಬಲ್ಲ ಕ್ಷೇತ್ರಗಳು ಕೆಲವೇ ದ್ವೀಪಗಳಂತೆ ಕಾಣುತ್ತವೆ. ಉಳಿದುದೆಲ್ಲ ನಿಷಿದ್ಧ ಪ್ರದೇಶ. 1963ರಲ್ಲಿ ಪ್ರಕಟವಾದ ಈ ನಕ್ಷೆಗೆ ರಾಮಚಂದ್ರನ್ ನಕ್ಷೆಯೆಂದೇ ಹೆಸರು. ಇಂದಿಗೂ ಜಗತ್ತಿನ ಯಾವ ಪ್ರಯೋಗಶಾಲೆಯಲ್ಲಿ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದು ಸರಿಯೆ ತಪ್ಪೆ ಎಂದು ಒರೆಹಚ್ಚಲು ಈ ನಕ್ಷೆ ಬೇಕು. ಮುಂದೆ ಅವರು ಬೆಂಗಳೂರಿಗೇ ಹಿಂತಿರುಗಿ ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಹಾಗಾದರೆ ಆ ವಾದದಲ್ಲಿ ಗೆದ್ದವರು ಯಾರು? ಮೂರೆಳೆಯ ಹುರಿಯನ್ನು ಕಂಡವರು ರಾಮಚಂದ್ರನ್ ಮತ್ತು ಕರ್ತ. ಆದರೆ ಕಾಲಜನ್ನನ್ನು ಹೋಲುವ ಅಣುವಿನ ಸ್ಫಟಿಕರಚನೆ 1994ರಲ್ಲಿ ಸ್ಪಷ್ಟವಾಗಿ ತಿಳಿದುಬಂದಾಗ, ಮೂರು ಅಮೈನೊ ಆಮ್ಲಗಳಿಗೆ ಎಳೆಗಳ ನಡುವೆ ನೇರವಾದ ಬಂಧ ಒಂದೇ ಎಂಬ ರಿಚ್ ಮತ್ತು ಕ್ರಿಕ್‌ರ ಮಾತು ನಿಜವೆಂದು ಕಂಡಿತು. ಎಂದರೆ ಟೀಕೆಯಲ್ಲಿ ಹುರುಳಿತ್ತು. ಆದರೆ ಆ ಟೀಕೆಯಿಂದ ಹೆಚ್ಚಿನ ಲಾಭ ಪಡೆದವರು ಟೀಕೆಗೆ ಗುರಿಯಾದವರೇ! ಕಾಲಜನ್ ಒಂದು ಪ್ರೋಟೀನು; ನಕ್ಷೆಯು ಎಲ್ಲ ಪ್ರೋಟೀನುಗಳದು. ಆಕ್ಷೇಪಣೆ ಬಾರದೆ ಇದ್ದಿದ್ದರೆ ಆ ನಕ್ಷೆ ಅವರ ಕೈಯಿಂದ ಬರುತ್ತಿತ್ತೆ ಎಂಬುದು ಸಂದೇಹ. ವಿಮರ್ಶಕನ ಋಣವೆಂದು ನಾನು ಕರೆದದ್ದು ಇದನ್ನೇ.

ಇಷ್ಟು ಹೇಳಿದ ಮೇಲೆ ವಿಮರ್ಶೆಯೆಲ್ಲವೂ ಅಮೃತವೆಂದು ಭಾವಿಸಬಾರದು. ದೊಡ್ಡವರಿಗೂ ಅದು ಕಹಿಯಾಗಿಯೇ ಇರುತ್ತದೆ. 1936ರಲ್ಲಿ ಐನ್‌ಸ್ಟೈನರು ರೋಸೆನ್ ಎಂಬ ಸಹಾಯಕರೊಡನೆ ಗುರುತ್ವ ತರಂಗಗಳು ಇರಲಾರವೆಂಬ ಅರ್ಥದ ಲೇಖನವೊಂದನ್ನು ಬರೆದು ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳುಹಿಸಿದರು. ಸಂಪಾದಕರು ಅದನ್ನು ಒಬ್ಬ ತಜ್ಞರಿಗೆ ತೋರಿಸಿ, ಅವರು ಬರೆದ ಹತ್ತು ಪುಟಗಳ ವಿಮರ್ಶೆಯೊಡನೆ ಹಿಂದಕ್ಕೆ ಕಳುಹಿಸಿದರು. ಅಚ್ಚಾಗುವ ಮೊದಲೇ ಪರರಿಗೆ ತೋರಿಸಲು ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಸಿಟ್ಟಾದ ಐನ್‌ಸ್ಟೈನರು ಲೇಖನವನ್ನು ಹಿಂತೆಗೆದುಕೊಂಡು ಬೇರೆ ಪತ್ರಿಕೆಗೆ ಕೊಟ್ಟರು. ಆದರೆ ಅಷ್ಟರಲ್ಲಿ ತಮ್ಮ ವಾದದಲ್ಲಿ ದೋಷವಿದೆಯೆಂಬುದು ಅವರಿಗೇ ತಿಳಿದುಬಂದಿತು. 1937ರಲ್ಲಿ ಅಚ್ಚಾದ ಲೇಖನದ ತೀರ್ಮಾನವು ಮೊದಲಿನದಕ್ಕೆ ತೀರ ಬೇರೆಯಾಗಿತ್ತು. ಆ ತರಂಗಗಳು ನಿಜವಾಗಿಯೂ ಉಂಟೆಂಬುದು 2015ರಲ್ಲಿ ಉಪಕರಣಗಳಿಗೇ ಸಿಕ್ಕಿ ಸಿದ್ಧವಾಯಿತು. ಐನ್‌ಸ್ಟೈನರಂಥವರಿಗೇ ತಿದ್ದುವವರು ಬೇಕಾಗಿತ್ತೆಂದರೆ ನಮ್ಮ ಪಾಡೇನು? ಅವರಿಗೂ ಸಿಟ್ಟು ಬಂದಿತೆಂದರೆ, ನಮಗೆ ಬರುವುದರಲ್ಲಿ ನಾಚಿಕೆಯೇನೂ ಇಲ್ಲ. ಸಿಟ್ಟು ಇಳಿದ ಮೇಲೆ ಲೆಕ್ಕವನ್ನು ಮತ್ತೊಮ್ಮೆ ನೋಡುತ್ತೇವೆಯೆ ಎಂಬುದೇ ಮುಖ್ಯ.

ಇನ್ನು ವಿಮರ್ಶೆಯೇ ತಪ್ಪಾದಾಗ ಏನಾಗುವುದೆಂಬುದಕ್ಕೂ ಒಂದು ದುಃಖದ ನಿದರ್ಶನವಿದೆ. 1935ರ ಜನವರಿಯಲ್ಲಿ, ಇಪ್ಪತ್ತನಾಲ್ಕು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್‌ರವರು ಲಂಡನ್ನಿನ ಖಗೋಳವಿಜ್ಞಾನ ಸಂಘದಲ್ಲಿ, ಶ್ವೇತಕುಬ್ಜ ನಕ್ಷತ್ರಗಳ ರಾಶಿಗೆ ಒಂದು ಮೇಲ್ಮಿತಿಯುಂಟೆಂದು ಗಣಿತದಿಂದ ತೋರಿಸಿದರು. ಅವರ ಮಾತು ಮುಗಿದೊಡನೆ ಎದ್ದ ಆರ್ಥರ್ ಎಡಿಂಗ್ಟನ್‌ರು, ಪ್ರಕೃತಿ ಹಾಗೆ ವರ್ತಿಸಲಾರದೆಂದು ಅದನ್ನು ಹಾಸ್ಯಕ್ಕೆ ಗುರಿಮಾಡಿದರು. ಸಭೆ ನಕ್ಕಿತು. ಎಡಿಂಗ್ಟನ್‌ರ ವಾದ ಸರಿಯಲ್ಲವೆಂದು ಖಾಸಗಿಯಾಗಿ ಒಪ್ಪಿದ ಹಿರಿಯ ಭೌತವಿಜ್ಞಾನಿಗಳು ಇದ್ದರು; ಆದರೆ ಅದನ್ನು ಬಹಿರಂಗವಾಗಿ ಹೇಳಲು ಅವರು ಮುಂದೆ ಬರಲಿಲ್ಲ. ಚಂದ್ರಶೇಖರ್‌ರವರು ಆ ವಿಷಯವನ್ನೇ ಬದಿಗಿಟ್ಟು ಬೇರೆ ಕ್ಷೇತ್ರಕ್ಕೆ ಹೋದರು. 1983ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಾಗ ಆ ಸಭೆ ನಡೆದು ಸುಮಾರು ಅರ್ಧ ಶತಮಾನವೇ ಕಳೆದಿತ್ತು. ರಿಚ್ ಮತ್ತು ಕ್ರಿಕ್‌ರ ಟೀಕೆಗೂ ಇದಕ್ಕೂ ಇರುವ ಅಂತರವೇನು? ಅಲ್ಲಿ ಟೀಕೆಯ ಹಿಂದೆ ಅಳೆಯಬಹುದಾದ ಕಾರಣವಿತ್ತು. ಇಲ್ಲಿ ದೊಡ್ಡ ಹೆಸರಿನ ಭಾರವಿತ್ತು. ಕಾರಣ ಕೊಡುವ ಟೀಕೆ ಕಿರಿಯನನ್ನು ಬೆಳೆಸುತ್ತದೆ. ಹೆಸರಿನಿಂದ ಮಾಡುವ ಟೀಕೆ ಅವನ ಬಾಯನ್ನು ಮುಚ್ಚುತ್ತದೆ. ಅಂಥ ವೇಳೆಯಲ್ಲಿ ಸುಮ್ಮನಿದ್ದ ಬಳಗಕ್ಕೂ ಆ ತಪ್ಪಿನಲ್ಲಿ ಪಾಲುಂಟು.

ಆದುದರಿಂದ ಬಳಗವೆಂಬುದು ಹೊಗಳುವವರ ಗುಂಪಾಗಬಾರದು. ನಗುವವರ ಗುಂಪೂ ಆಗಬಾರದು. ಅದು ಹೇಗಿರಬೇಕೆಂಬುದಕ್ಕೆ, ರಷ್ಯದಿಂದ ಬಂದ ಪೀಟರ್ ಕಪಿಟ್ಸಾ ಎಂಬ ತರುಣ ವಿಜ್ಞಾನಿ 1922ರಲ್ಲಿ ಕೇಂಬ್ರಿಡ್ಜಿನಲ್ಲಿ ಆರಂಭಿಸಿದ ಕೂಟವನ್ನು ನೋಡಬಹುದು. ಕೆಲವೇ ಮಂದಿ ಸಂಜೆ ಒಬ್ಬರ ಕೊಠಡಿಯಲ್ಲಿ ಸೇರುವರು. ಒಬ್ಬನು ಹೊಸದೊಂದು ಸಂಶೋಧನೆಯನ್ನು ವಿವರಿಸುವನು. ಉಳಿದವರು ನಡುವೆಯೇ ತಡೆದು ಪ್ರಶ್ನಿಸಬಹುದು. ನ್ಯೂಟ್ರಾನನ್ನು ಕಂಡುಹಿಡಿದ ಚಾಡ್ವಿಕ್‌ರು 1932ರ ಆರಂಭದಲ್ಲಿ ಆ ವಾರ್ತೆಯನ್ನು ಗೆಳೆಯರಿಗೆ ವಿವರಿಸಿದ್ದು ಈ ಕೂಟದಲ್ಲಿಯೇ. ಓದಿನ ಭಾರವನ್ನು ಹಂಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇಂದು ಪ್ರಕಟವಾಗುತ್ತಿರುವ ಸಂಶೋಧನ ಲೇಖನಗಳ ಪ್ರವಾಹವನ್ನು ಒಬ್ಬನೇ ಈಜಿ ದಾಟುವುದು ಅಸಾಧ್ಯ. ಹತ್ತು ಮಂದಿ ಒಂದೊಂದನ್ನು ಚೆನ್ನಾಗಿ ಓದಿ ಉಳಿದವರಿಗೆ ಹೇಳಿದರೆ, ಪ್ರತಿಯೊಬ್ಬನೂ ಹತ್ತನ್ನು ತಿಳಿದಂತಾಗುತ್ತದೆ. ಯಾವುದನ್ನು ಓದದೆ ಬಿಡಬಹುದೆಂಬ ವಿವೇಕವೂ ಅಲ್ಲಿಯೇ ಬರುತ್ತದೆ. ಸಾರಾಂಶವನ್ನು ಈಗ ಯಂತ್ರವೂ ಬರೆದುಕೊಡುತ್ತದೆ, ನಿಜ. ಆದರೆ "ಇದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ" ಎಂದು ಎದುರಿಗೆ ಕುಳಿತ ಗೆಳೆಯನು ಆರಂಭಿಸುವ ಮಾತಿಗೆ ಸಿದ್ಧರಾಗಿ ಓದುವ ಓದಿನ ಬಿಗಿಯೇ ಬೇರೆ.

ನಮ್ಮ ನಾಡಿನಲ್ಲಿಯೂ ಇಂಥ ಬಳಗವನ್ನು ಕಟ್ಟಿದವರಿದ್ದಾರೆ. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಪತ್ರಿಕೆ ಹೊರಟಿತು. 1934ರಲ್ಲಿ ರಾಮನ್‌ರವರು ಅದೇ ಊರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಭಾರತೀಯ ವಿಜ್ಞಾನಿಯ ಮಾತಿಗೆ ಭಾರತದಲ್ಲಿಯೇ ಕಿವಿಗೊಡುವವರೂ ಉತ್ತರ ಕೊಡುವವರೂ ಇರಬೇಕಾದರೆ ಇಂಥ ವೇದಿಕೆಗಳು ಅಗತ್ಯ. ಇದಕ್ಕಿಂತ ಬಹು ಹಿಂದೆಯೇ ನಮ್ಮ ಶಾಸ್ತ್ರಕಾರರು ಪೂರ್ವಪಕ್ಷವೆಂಬ ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದರು. ಎದುರಾಳಿಯ ವಾದವನ್ನು, ಅವನೇ ಮೆಚ್ಚುವಂತೆ, ಮೊದಲು ಪೂರ್ಣವಾಗಿ ಹೇಳಬೇಕು; ಆಮೇಲೆ ತನ್ನ ಸಿದ್ಧಾಂತ. ಪ್ರತಿಕೂಲ ಸಂಗತಿಯನ್ನು ಮೊದಲು ಬರೆದಿಡುವ ಡಾರ್ವಿನ್ನರ ನಿಯಮವೂ ಪೂರ್ವಪಕ್ಷದ ಒಂದು ರೂಪವೇ ಅಲ್ಲವೆ? ಪ್ರಶ್ನಿಸುವುದು ಪಾಶ್ಚಾತ್ಯರಿಂದ ಬಂದ ಉದ್ಧಟತನವೆಂದು ಹೇಳುವವರು ನಮ್ಮ ಪರಂಪರೆಯನ್ನು ಅರಿಯರು. ವಿದ್ಯೆಯ ಒಂದು ಪಾಲು ಸಹಪಾಠಿಗಳಿಂದಲೇ ಬರಬೇಕೆಂದು ನಮ್ಮ ಹಿರಿಯರೇ ಎಣಿಸಿದ್ದಾರೆ.

ವಿದ್ಯಾರ್ಥಿಗಳು ಇದಕ್ಕಾಗಿ ದೊಡ್ಡ ಪ್ರಯೋಗಶಾಲೆಯನ್ನಾಗಲಿ ವಿದೇಶ ಪ್ರವಾಸವನ್ನಾಗಲಿ ಕಾಯಬೇಕಾಗಿಲ್ಲ. ನಾಲ್ಕೈದು ಮಂದಿ ಗೆಳೆಯರು ವಾರಕ್ಕೊಂದು ಸಂಜೆ ಕೂಡಿ, ಸರದಿಯ ಮೇಲೆ ಒಬ್ಬರು ತಾವು ಓದಿದುದನ್ನು ವಿವರಿಸಲಿ. ಕೇಳಿದವರಲ್ಲಿ ಪ್ರತಿಯೊಬ್ಬರೂ ಒಂದು ಸಂದೇಹವನ್ನಾದರೂ ಕಾರಣಸಹಿತವಾಗಿ ಎತ್ತಲಿ. ಹೇಳಿದವರು ಒಡನೆಯೇ ಉತ್ತರಿಸಲು ಅವಸರಪಡದೆ ಅದನ್ನು ಬರೆದುಕೊಂಡು ಹೋಗಿ, ಮುಂದಿನ ವಾರ ಉತ್ತರ ತರಲಿ. "ನನಗೆ ತಿಳಿಯದು" ಎಂಬ ಮಾತಿಗೆ ಆ ಕೂಟದಲ್ಲಿ ದಂಡವಿರಬಾರದು. ಕಾರಣ ಕೊಡದೆ ನಗುವುದಕ್ಕೆ ಮಾತ್ರ ಇರಲಿ. ಉಪಾಧ್ಯಾಯರು ಬಂದರೆ ಅವರೂ ಒಬ್ಬ ಸದಸ್ಯರಾಗಿ ಕುಳಿತು, ಮಕ್ಕಳೆದುರಿಗೆ ಒಮ್ಮೆಯಾದರೂ "ನಾನು ಹೇಳಿದ್ದು ತಪ್ಪಾಗಿತ್ತು" ಎಂದು ಒಪ್ಪಿಕೊಳ್ಳಲಿ. ಆ ಒಂದು ವಾಕ್ಯದಿಂದ ಮಕ್ಕಳಿಗೆ ಆಗುವ ಪಾಠ ಒಂದು ವರ್ಷದ ಉಪನ್ಯಾಸಗಳಿಂದಲೂ ಆಗಲಾರದು.

ಆ ಕೋಣೆ, ಆ ದೀಪ, ಆ ಗ್ರಂಥಗಳು ಇರಲೇಬೇಕು. ಏಕಾಂತದ ಓದಿಲ್ಲದೆ ವಿದ್ಯೆಯಿಲ್ಲ. ಆದರೆ ಬಾಗಿಲಿಗೆ ಅಗಳಿ ಹಾಕದಿರೋಣ. ಹೊರಗೆ ನಿಂತು ತಟ್ಟುತ್ತಿರುವವನು ನಮ್ಮ ತಪ್ಪನ್ನು ಹೇಳಲು ಬಂದಿರಬಹುದು. ಎದ್ದುಹೋಗಿ ಬಾಗಿಲು ತೆರೆದು, ಕೂರಲು ಒಂದು ಕುರ್ಚಿ ಹಾಕಿ, "ಹೇಳಿ, ಎಲ್ಲಿ ತಪ್ಪಿದೆ?" ಎಂದು ಕೇಳುವುದನ್ನು ನಮ್ಮ ತರುಣರು ಕಲಿತರೆ, ಮುಂದಿನ ನಕ್ಷೆಯು ಅವರ ಕೈಯಿಂದಲೇ ಮೂಡಬಹುದು.